ವಿದೇಶಕ್ಕೆ ಹೋಗುವ ಕಾರಣವನ್ನು ಹೊರಡುವ ಮೊದಲೇ ಪರೀಕ್ಷಿಸಿಕೊಳ್ಳುವ ಬಗೆ

ವಿದೇಶಕ್ಕೆ ಹೋಗಬೇಕೆಂದು ನಿಶ್ಚಯಿಸಿದವರು ಮೊದಲು ವಿಚಾರಿಸುವುದು ಯಾವ ದೇಶದ ವೀಸಾ ಬೇಗ ಸಿಗುತ್ತದೆ, ಎಷ್ಟು ಖರ್ಚಾಗುತ್ತದೆ, ಪರಿಚಯದವರು ಯಾರಿದ್ದಾರೆ ಎಂಬುದನ್ನು. ಏಕೆ ಹೋಗಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದು ಮನೆಮಂದಿಗೆಲ್ಲ ಗೊತ್ತೇ ಇದೆ ಎಂಬ ಭಾವನೆಯಲ್ಲಿ ಮಾತು ಮುಂದಕ್ಕೆ ಸಾಗಿಬಿಡುತ್ತದೆ. ಆದರೆ ದೇಶವನ್ನೂ ವೀಸಾವನ್ನೂ ಎಷ್ಟು ವರ್ಷ ಅಲ್ಲಿರಬೇಕು ಎಂಬುದನ್ನೂ ತೀರ್ಮಾನಿಸಬೇಕಾದದ್ದು ಆ ಪ್ರಶ್ನೆಯ ಉತ್ತರವೇ. ಪ್ರತಿಯೊಂದು ದೇಶವೂ ತನ್ನ ಅಗತ್ಯಕ್ಕೆ ತಕ್ಕಂತೆ ಕೆಲವು ದಾರಿಗಳನ್ನು ತೆರೆದಿಡುತ್ತದೆ, ಮತ್ತು ಒಂದು ಉದ್ದೇಶಕ್ಕೆಂದು ತೆರೆದ ದಾರಿಯಲ್ಲಿ ಬೇರೊಂದು ಉದ್ದೇಶವನ್ನು ಇಟ್ಟುಕೊಂಡು ನಡೆದವರೇ ಹತ್ತು ವರ್ಷಗಳ ನಂತರ ಹೆಚ್ಚಾಗಿ ಪರಿತಪಿಸುವುದನ್ನು ನಾನು ಕರಾವಳಿಯ ನಮ್ಮ ಬಂಧುಬಳಗದಲ್ಲಿಯೇ ಕಂಡಿದ್ದೇನೆ. ಕಾರಣವನ್ನು ಹೊರಡುವ ಮೊದಲೇ ಹೇಗೆ ಪರೀಕ್ಷಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಒಂದು ಹಾಳೆಯ ಮೇಲೆ ನೀವು ಹೋಗುತ್ತಿರುವ ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯದಲ್ಲಿ ಯಾರಿಗಾಗಿ, ಏನನ್ನು ಸಾಧಿಸಲು, ಎಷ್ಟು ವರ್ಷ, ಆಮೇಲೆ ಏನು ಎಂಬ ನಾಲ್ಕು ಸಂಗತಿಗಳು ಇರಬೇಕು. 'ಜೀವನ ಸುಧಾರಿಸಬೇಕು' ಎಂಬುದು ಹಾರೈಕೆ ಮಾತ್ರ. 'ಮನೆಯ ಮೇಲಿರುವ 8 ಲಕ್ಷ ರೂಪಾಯಿ ಸಾಲವನ್ನು ತೀರಿಸಿ, ತಂಗಿಯ ಓದು ಮುಗಿಯುವವರೆಗೆ ಖರ್ಚು ಕೊಟ್ಟು, ಆರನೆಯ ವರ್ಷಕ್ಕೆ ಊರಿಗೆ ಮರಳಿ ಸ್ವಂತ ವರ್ಕ್‌ಶಾಪ್ ತೆರೆಯಬೇಕು' ಎಂಬುದು ಕಾರಣ, ಏಕೆಂದರೆ ಅದು ಈಡೇರಿತೋ ಇಲ್ಲವೋ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು.

ಬಾಯಿಬಿಟ್ಟು ಹೇಳಲಾಗದ ಕಾರಣಗಳನ್ನೂ ಅದೇ ಹಾಳೆಯಲ್ಲಿ ಬರೆಯಿರಿ; ಅದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಕೂಡುಕುಟುಂಬದ ಜಗಳ, ಮದುವೆಯ ಒತ್ತಾಯ, ಹುಟ್ಟಿದ ಜಾತಿಯ ಕಾರಣದಿಂದ ಊರಿನಲ್ಲಿ ದಿನವೂ ನುಂಗಿಕೊಳ್ಳಬೇಕಾದ ಅವಮಾನ, ಓರಗೆಯವರೆಲ್ಲ ಹೋಗಿಯಾಯಿತು ಎಂಬ ಅಳಲು, ಮಗ ಅಮೆರಿಕದಲ್ಲಿದ್ದಾನೆ ಎಂದು ಹೇಳಿಕೊಳ್ಳಬೇಕೆಂಬ ತಂದೆತಾಯಿಯ ಆಸೆ, ಇವೆಲ್ಲವೂ ಜನರನ್ನು ವಿಮಾನ ಹತ್ತಿಸಿರುವ ನಿಜವಾದ ಕಾರಣಗಳು. ಇವುಗಳಲ್ಲಿ ಕೆಲವು ಹಣಕ್ಕಿಂತಲೂ ನ್ಯಾಯವಾದವು. ಅವಮಾನದಿಂದ ಬಿಡುಗಡೆ ಬೇಕೆಂದು ಹೋಗುವವರು ಎರಡು ವರ್ಷಗಳ ಕರಾರು ಮುಗಿದೊಡನೆ ಅದೇ ಊರಿಗೆ ಮರಳಬೇಕಾಗುವ ದಾರಿಯನ್ನು ಹಿಡಿಯಬಾರದು. ತಡವಾದರೂ ಸರಿ, ನೆಲೆಸಲು ಅವಕಾಶವಿರುವ ದೇಶವನ್ನೇ ಆರಿಸಿಕೊಳ್ಳಬೇಕು. ಓರಗೆಯವರನ್ನು ನೋಡಿ ಹೊರಟಿರುವುದೇ ಮುಖ್ಯ ಕಾರಣವೆಂದು ಕಂಡುಬಂದರೆ ಒಂದು ವರ್ಷ ಕಾಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಉಳಿತಾಯವೇ ಕಾರಣವಾದರೆ

ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳದ ಕಡೆಯವರಿಗೆ ಈ ದಾರಿ ಹೊಸದಲ್ಲ. ಹಿಂದಿನ ತಲೆಮಾರು ಮುಂಬಯಿಯ ಹೋಟೆಲುಗಳಿಗೂ ಗಿರಣಿಗಳಿಗೂ ಹೋಯಿತು. 1973ರಲ್ಲಿ ತೈಲದ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸ ಭರದಿಂದ ನಡೆಯತೊಡಗಿದ ಮೇಲೆ ಮುಂದಿನ ತಲೆಮಾರು ದುಬೈ, ಸೌದಿ, ಕುವೈತ್, ಮಸ್ಕತ್‌ಗಳಿಗೆ ಹೋಯಿತು. ಆ ದೇಶಗಳಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲದಿರುವುದರಿಂದಲೂ ಅನೇಕ ಕಂಪನಿಗಳು ವಸತಿಯನ್ನು ತಾವೇ ಕೊಡುವುದರಿಂದಲೂ ಕೈಯಲ್ಲಿ ಹಣ ಉಳಿಯುತ್ತದೆ. ಆದರೆ ಅಲ್ಲಿನ ವಾಸದ ಪರವಾನಗಿ ಸಾಮಾನ್ಯವಾಗಿ ಕೆಲಸಕ್ಕೆ ಅಂಟಿಕೊಂಡಿರುತ್ತದೆ, ಮತ್ತು ಮೂವತ್ತು ವರ್ಷ ದುಡಿದರೂ ಸಾಮಾನ್ಯ ಕೆಲಸಗಾರನಿಗೆ ಪೌರತ್ವದ ಹಾದಿ ತೆರೆದುಕೊಳ್ಳುವುದಿಲ್ಲ. ಆದುದರಿಂದ ಕೊಲ್ಲಿಗೆ ಹೋಗುವವರು ಮರಳುವ ವರ್ಷವನ್ನು ಹೋಗುವ ಮೊದಲೇ ಬರೆದಿಟ್ಟುಕೊಳ್ಳಬೇಕು.

ಲೆಕ್ಕ ಹಾಕುವಾಗ ಸಂಬಳದ ಅಂಕಿಯನ್ನು ರೂಪಾಯಿಗೆ ಬದಲಿಸಿ ಹಿಗ್ಗುವುದು ಎಲ್ಲರೂ ಮಾಡುವ ತಪ್ಪು. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ತಿಂಗಳಿಗೆ 40,000 ರೂಪಾಯಿಗೆ ಸಮನಾದ ಸಂಬಳ, ರೂಮು ಕಂಪನಿಯದು ಎಂದಿಟ್ಟುಕೊಳ್ಳಿ. ಊಟಕ್ಕೆ 9,000, ಫೋನು, ಔಷಧಿ, ಬಟ್ಟೆಬರೆಗೆ 3,000 ಕಳೆದರೆ 28,000 ಉಳಿಯುತ್ತದೆ. ಹೊರಡುವಾಗ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಒಂದೂವರೆ ಲಕ್ಷ ಕೈಸಾಲ ಮಾಡಿದ್ದರೆ, ಮೊದಲ ಆರು ತಿಂಗಳ ಉಳಿತಾಯವೆಲ್ಲ ಆ ಅಸಲು ಬಡ್ಡಿಗೇ ಹೋಗುತ್ತದೆ. ಎರಡು ವರ್ಷಗಳ ಕರಾರಿನಲ್ಲಿ ಉಳಿದ 18 ತಿಂಗಳಿಗೆ 5,04,000 ರೂಪಾಯಿ ಸಿಗುತ್ತದೆ. ಊರಿನಲ್ಲಿಯೇ ಅದೇ ಕೆಲಸ ಮಾಡಿಕೊಂಡು ತಿಂಗಳಿಗೆ 8,000 ಉಳಿಸುತ್ತಿದ್ದವರಾದರೆ, ಈ ಎರಡು ವರ್ಷಗಳಲ್ಲಿ ಇಲ್ಲಿಯೇ 1,92,000 ಉಳಿಯುತ್ತಿತ್ತು. ಅದನ್ನು ಕಳೆದಾಗ ವಿದೇಶಕ್ಕೆ ಹೋದುದರ ನಿಜವಾದ ಲಾಭ 3,12,000 ರೂಪಾಯಿ. ಆ ಮೊತ್ತಕ್ಕಾಗಿ ಎರಡು ವರ್ಷ ಮಕ್ಕಳಿಂದ ದೂರವಿರಬಹುದೇ ಎಂಬುದನ್ನು ನೀವೂ ನಿಮ್ಮ ಮನೆಯವರೂ ಕುಳಿತು ತೀರ್ಮಾನಿಸಬೇಕು. ಕೆಲವರಿಗೆ ಹೌದು, ಕೆಲವರಿಗೆ ಖಂಡಿತ ಇಲ್ಲ.

ಕರಾರುಪತ್ರದಲ್ಲಿ ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಎಂಬುದನ್ನು ಬೇರೆಬೇರೆಯಾಗಿ ನೋಡಿ. ಯುಎಇಯಲ್ಲಿ ಕೆಲಸ ಬಿಡುವಾಗ ದೊರೆಯುವ ಗ್ರ್ಯಾಚುಯಿಟಿಯನ್ನು ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ನಂತರದ ವರ್ಷಗಳಿಗೆ 30 ದಿನಗಳ ಮೂಲ ವೇತನದಂತೆ ಲೆಕ್ಕ ಹಾಕುತ್ತಾರೆ. ಒಟ್ಟು ಸಂಬಳ ದೊಡ್ಡದಾಗಿದ್ದು ಮೂಲ ವೇತನ ಚಿಕ್ಕದಾಗಿದ್ದರೆ ಕೊನೆಯಲ್ಲಿ ಕೈಗೆ ಬರುವ ಗಂಟು ನೀವು ಎಣಿಸಿದ್ದಕ್ಕಿಂತ ಬಹಳ ಕಡಿಮೆಯಾಗುತ್ತದೆ.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದ, ವರ್ಗಕ್ಕೆ ಸೇರುತ್ತದೆ. ಅಂಥವರು ಕೊಲ್ಲಿ ರಾಷ್ಟ್ರಗಳೂ ಮಲೇಷ್ಯಾವೂ ಸೇರಿದಂತೆ ನಿಗದಿಯಾದ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯಿದೆಯ ಪ್ರಕಾರ ಸರ್ಕಾರದ ಅನುಮತಿ ಪಡೆಯಬೇಕು. ಈ ನಿಯಮವನ್ನು ಅಡ್ಡಿಯೆಂದು ಎಣಿಸಿ, ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿಯೇ ಕೆಲಸದ ವೀಸಾಕ್ಕೆ ಬದಲಾಯಿಸಿಕೊಳ್ಳಿ ಎಂದು ಸಲಹೆ ಕೊಡುವ ಏಜೆಂಟರಿದ್ದಾರೆ. ಹಾಗೆ ಹೋದವರ ಕರಾರು ಎಲ್ಲಿಯೂ ದಾಖಲಾಗಿರುವುದಿಲ್ಲ, ಸಂಬಳ ನಿಂತಾಗ ತೋರಿಸಲು ಕಾಗದವಿರುವುದಿಲ್ಲ. ಏಜೆಂಟರ ಪರವಾನಗಿಯನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ರಸೀದಿ ಕೇಳಿ ಪಡೆಯಿರಿ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತಿಗೆ 10 ಲಕ್ಷ ರೂಪಾಯಿಯ ಅಪಘಾತ ವಿಮೆ ದೊರೆಯುತ್ತದೆ.

ಗಳಿಸಿದ್ದನ್ನು ತಿಂಗಳು ತಿಂಗಳು ಊರಿಗೆ ಕಳುಹಿಸಿ. 1990ರ ಆಗಸ್ಟಿನಲ್ಲಿ ಇರಾಕ್ ಸೇನೆ ಕುವೈತನ್ನು ಆಕ್ರಮಿಸಿದಾಗ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನಗಳಲ್ಲಿ ಕರೆತರಲಾಯಿತು. ಅವರಲ್ಲಿ ಅನೇಕರು ಅಲ್ಲಿನ ಬ್ಯಾಂಕಿನಲ್ಲಿದ್ದುದನ್ನೂ ಮನೆಯ ಸಾಮಾನನ್ನೂ ಬಿಟ್ಟು ಉಟ್ಟ ಬಟ್ಟೆಯಲ್ಲಿ ಬಂದರು.

ನೆಲೆಸುವುದೇ ಕಾರಣವಾದರೆ

ಇಲ್ಲಿ ಸಂಬಳ ಎರಡನೆಯ ಮಾತು. ಕೆಲಸ ಹೋದರೂ ಆ ದೇಶದಲ್ಲಿ ಉಳಿಯುವ ಹಕ್ಕು ಯಾವ ವರ್ಷ ಸಿಗುತ್ತದೆ ಎಂಬುದೇ ಮೊದಲ ಪ್ರಶ್ನೆ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರುಗಳು ಹೆಚ್ಚಾಗಿ ಆಸೆಪಡುವ ಅಮೆರಿಕವನ್ನೇ ಈ ಪ್ರಶ್ನೆಯಿಂದ ನೋಡೋಣ. ವಿಶೇಷ ಪರಿಣತಿಯ ಕೆಲಸಗಾರರನ್ನು ಹೊರದೇಶದಿಂದ ಕರೆಸಿಕೊಳ್ಳಲು ಕಂಪನಿಗಳು ಬಳಸುವ ಎಚ್-1ಬಿ ವೀಸಾಗಳ ವಾರ್ಷಿಕ ಮಿತಿ 65,000. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಮಾಸ್ಟರ್ಸ್ ಅಥವಾ ಅದಕ್ಕಿಂತ ಮೇಲಿನ ಪದವಿ ಪಡೆದವರಿಗೆ ಇನ್ನೂ 20,000. ಅರ್ಜಿಗಳು ಮಿತಿಯನ್ನು ಮೀರಿ ಬರುವುದರಿಂದ ಅರ್ಹರಲ್ಲಿಯೂ ಎಲ್ಲರಿಗೆ ಸಿಗುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವವರ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕವನ್ನೂ ಘೋಷಿಸಲಾಯಿತು. ವೀಸಾ ಸಿಕ್ಕವರಿಗೆ ಮೊದಲು ಮೂರು ವರ್ಷ, ಆಮೇಲೆ ಮತ್ತೆ ಮೂರು ವರ್ಷ ಅವಕಾಶವಿರುತ್ತದೆ. ಅದಕ್ಕೂ ಮೀರಿ ಉಳಿಯಬೇಕಾದರೆ ಖಾಯಂ ವಾಸದ ಹಕ್ಕು ಕೊಡುವ ಗ್ರೀನ್ ಕಾರ್ಡಿನ ಅರ್ಜಿ ಮುಂದುವರಿದಿರಬೇಕು.

ಕಷ್ಟವಿರುವುದು ಆ ಗ್ರೀನ್ ಕಾರ್ಡಿನಲ್ಲಿ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷದ ಒಟ್ಟು ಸಂಖ್ಯೆಯಲ್ಲಿ ಶೇಕಡ 7ಕ್ಕಿಂತ ಹೆಚ್ಚು ಹೋಗಬಾರದೆಂಬ ಮಿತಿ ಇದೆ, ಮತ್ತು ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶ. ಭಾರತದಿಂದ ಅರ್ಜಿ ಹಾಕಿದವರ ಸಂಖ್ಯೆ ದೊಡ್ಡದಾದುದರಿಂದ ಸಾಲು ದಶಕಗಳಷ್ಟು ಉದ್ದವಾಗಿದೆ. ಈ ನಡುವೆ ಕೆಲಸ ಹೋದರೆ ಹೊಸ ಕೆಲಸ ಹುಡುಕಿಕೊಳ್ಳಲು ಅಥವಾ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಹೆಚ್ಚೆಂದರೆ 60 ದಿನ. ಇಲ್ಲಿಂದ ಕಂಕುಳಲ್ಲಿ ಎತ್ತಿಕೊಂಡು ಹೋದ ಮಗು ಅಲ್ಲಿಯೇ ಬೆಳೆದು 21 ತುಂಬಿದಾಗ ತಂದೆತಾಯಿಯ ವೀಸಾದ ಆಶ್ರಯವನ್ನು ಕಳೆದುಕೊಂಡು, ತಾನು ಬೆಳೆದ ಊರಿನಲ್ಲಿಯೇ ಹೊಸದಾಗಿ ವಿದ್ಯಾರ್ಥಿ ವೀಸಾ ಕೇಳಬೇಕಾಗುತ್ತದೆ. ಆದುದರಿಂದ 'ಮಕ್ಕಳ ಭವಿಷ್ಯಕ್ಕಾಗಿ ಅಮೆರಿಕ' ಎಂದು ಹಾಳೆಯಲ್ಲಿ ಬರೆದವರು ಮಗುವಿನ ಈಗಿನ ವಯಸ್ಸಿಗೆ ಕಾಯಬೇಕಾದ ವರ್ಷಗಳನ್ನು ಕೂಡಿಸಿ ನೋಡಲೇಬೇಕು. ಅಲ್ಲಿನ ಕೆಲಸದ ಗುಣಮಟ್ಟ, ಸಂಶೋಧನೆ, ಸಂಬಳಕ್ಕಾಗಿ ಎಂಟು ವರ್ಷ ಹೋಗಿಬರುತ್ತೇನೆ ಎನ್ನುವವರಿಗೆ ಅದೇ ಅಮೆರಿಕ ಒಳ್ಳೆಯ ಆಯ್ಕೆಯಾಗಬಹುದು.

ಜರ್ಮನಿಯಲ್ಲಿ 2024ರ ಜೂನ್ 27ರಂದು ಜಾರಿಗೆ ಬಂದ ಕಾನೂನಿನಂತೆ ಐದು ವರ್ಷಗಳ ವಾಸದ ನಂತರ, ಭಾಷೆ ಮೊದಲಾದ ಷರತ್ತುಗಳನ್ನು ಪೂರೈಸಿದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಮೊದಲು ಎಂಟು ವರ್ಷ ಕಾಯಬೇಕಿತ್ತು. ನೆಲೆಸಲು ಬರುವವರನ್ನು ಆರಿಸುವ ಕೆನಡಾದ ಅಂಕ ಪದ್ಧತಿಯಲ್ಲಿ 20ರಿಂದ 29ರ ವಯಸ್ಸಿನವರಿಗೆ ಪೂರ್ಣ ಅಂಕ ದೊರೆತು ಆಮೇಲೆ ಇಳಿಯುತ್ತಾ ಹೋಗುತ್ತದೆ. ಮೂವತ್ತೆಂಟರಲ್ಲಿ ಯೋಚಿಸತೊಡಗಿದವರು ಇದನ್ನು ಮೊದಲು ನೋಡಬೇಕು.

ಪೌರತ್ವ ಎಂದರೆ ಇಲ್ಲಿನದನ್ನು ಬಿಡುವುದು ಎಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಭಾರತ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಕ್ಷಣದಿಂದಲೇ 1955ರ ಪೌರತ್ವ ಕಾಯಿದೆಯ 9ನೆಯ ಕಲಮಿನಂತೆ ಭಾರತದ ಪೌರತ್ವ ಹೋಗುತ್ತದೆ. ಆಮೇಲೆ ಪಡೆಯುವ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿನಿಂದ ಬಂದುಹೋಗಲು ವೀಸಾ ಬೇಕಾಗುವುದಿಲ್ಲ, ಆದರೆ ಮತದಾನದ ಹಕ್ಕು ಇರುವುದಿಲ್ಲ, ಕೃಷಿಭೂಮಿಯನ್ನು ಕೊಳ್ಳಲಾಗುವುದಿಲ್ಲ. ಕೃಷಿಭೂಮಿಯ ವಿಷಯದಲ್ಲಿ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡ ಅನಿವಾಸಿಗಳಿಗೂ ಇದೇ ನಿರ್ಬಂಧ: ಹಿರಿಯರಿಂದ ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು, ಹೊಲ, ಗದ್ದೆ, ತೋಟ, ಫಾರ್ಮ್‌ಹೌಸುಗಳನ್ನು ಅನಿವಾಸಿಯಾಗಿರುವಾಗ ಖರೀದಿಸುವಂತಿಲ್ಲ. ಮಲೆನಾಡಿನಲ್ಲಿ ನಾಲ್ಕು ಎಕರೆ ಅಡಿಕೆ ತೋಟ ಕೊಳ್ಳುವುದೇ ವಿದೇಶಕ್ಕೆ ಹೋಗುವ ಕಾರಣವಾಗಿದ್ದರೆ, ಅದು ಹೊರಡುವ ಮೊದಲು ಅಥವಾ ಖಾಯಂ ಆಗಿ ಮರಳಿದ ಮೇಲೆ ಆಗಬೇಕಾದ ಕೆಲಸ. ಇದನ್ನು ತಿಳಿಯದೆ ಅಲ್ಲಿಂದಲೇ ಮುಂಗಡ ಕೊಟ್ಟು, ಮಾರಿದವರೊಡನೆ ವ್ಯಾಜ್ಯಕ್ಕೆ ಬಿದ್ದವರನ್ನು ನಾನು ಬಲ್ಲೆ.

ಓದು ಕಾರಣವಾದರೆ

ಓದುವುದಕ್ಕಾಗಿ ಹೋಗುವುದು ಬೇರೆ, ಓದನ್ನು ಬಾಗಿಲಾಗಿ ಬಳಸಿಕೊಳ್ಳುವುದು ಬೇರೆ. ಎರಡರಲ್ಲಿಯೂ ತಪ್ಪಿಲ್ಲ, ಆದರೆ ಯಾವುದೆಂಬುದು ನಿಮಗೆ ಗೊತ್ತಿರಬೇಕು. ಅದನ್ನು ತಿಳಿಯಲು ಒಂದು ಪ್ರಶ್ನೆ ಸಾಕು: ಓದು ಮುಗಿದ ಮರುದಿನವೇ ಮರಳಬೇಕೆಂದು ಆ ದೇಶ ನಿಯಮ ಮಾಡಿದರೂ ಇಷ್ಟು ಹಣ ಕೊಟ್ಟು ಇದೇ ಕೋರ್ಸಿಗೆ ಸೇರುತ್ತೀರಾ? ಹೀಗೆ ಆಗಲಾರದು ಎನ್ನುವಂತಿಲ್ಲ. ಬ್ರಿಟನ್ ಓದಿನ ನಂತರದ ಕೆಲಸದ ವೀಸಾವನ್ನು 2012ರಲ್ಲಿ ನಿಲ್ಲಿಸಿತು, 2021ರಲ್ಲಿ ಮತ್ತೆ ಬೇರೆ ಹೆಸರಿನಲ್ಲಿ ಆರಂಭಿಸಿತು. ನಡುವಿನ ವರ್ಷಗಳಲ್ಲಿ ಅಲ್ಲಿ ಓದಿದ ಅನೇಕರಿಗೆ ಪದವಿ ಮಾತ್ರ ಉಳಿಯಿತು. ಮನೆ ಅಡಮಾನವಿಟ್ಟು ಸಾಲ ತೆಗೆಯುವವರು ಊರಿನ ಸಂಬಳದಲ್ಲಿಯೇ ಆ ಸಾಲದ ಕಂತನ್ನು ಕಟ್ಟಲು ಸಾಧ್ಯವೇ ಎಂದು ಲೆಕ್ಕ ಹಾಕಬೇಕು.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಾರೆ. ಶುಲ್ಕವಿಲ್ಲ ಎಂದಾಕ್ಷಣ ಖರ್ಚಿಲ್ಲವೆಂದಲ್ಲ. ಒಂದು ವರ್ಷದ ಜೀವನವೆಚ್ಚಕ್ಕೆಂದು 11,904 ಯೂರೊಗಳನ್ನು ನಿರ್ಬಂಧಿತ ಖಾತೆಯಲ್ಲಿ ಮೊದಲೇ ಇಡಬೇಕು. ಅದರಿಂದ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಬರುತ್ತದೆ.

ವೈದ್ಯಕೀಯ ಓದಿಗೆ ಹೋಗುವವರ ಕಾರಣ ಹೆಚ್ಚಾಗಿ ಇಲ್ಲಿನ ಖಾಸಗಿ ಕಾಲೇಜುಗಳ ಶುಲ್ಕ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಇಲ್ಲಿಯೇ ಓದುವ ಅವಕಾಶವಿದ್ದಿದ್ದರೆ ಅಂಥ ಮಕ್ಕಳು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಈ ದಾರಿ ಹಿಡಿಯುವವರು ನೀಟ್‌ನಲ್ಲಿ ಅರ್ಹತೆ ಪಡೆದಿರಬೇಕು, ಕೋರ್ಸು ಕನಿಷ್ಠ 54 ತಿಂಗಳದ್ದಾಗಿರಬೇಕು, 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಆಗಿರಬೇಕು. ಮರಳಿದ ಮೇಲೆ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಇಲ್ಲಿ ವೃತ್ತಿ ಮಾಡಲಾಗುವುದಿಲ್ಲ.

ಜೊತೆಗೆ ಹೋಗುವವರ ಕಾರಣ, ಉಳಿಯುವವರ ಒಪ್ಪಿಗೆ

ಗಂಡನ ಕಾರಣವನ್ನು ಹೆಂಡತಿಯ ಕಾರಣವೆಂದು ಎಣಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಹೆಂಡತಿಯೂ ತನ್ನದೇ ಹಾಳೆಯಲ್ಲಿ ತನ್ನದೇ ವಾಕ್ಯವನ್ನು ಬರೆಯಬೇಕು. ಅಮೆರಿಕದಲ್ಲಿ ಎಚ್-4 ವೀಸಾದಲ್ಲಿರುವ ಸಂಗಾತಿಗೆ, ಎಚ್-1ಬಿಯಲ್ಲಿರುವವರ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತವನ್ನು ದಾಟುವವರೆಗೆ ಕೆಲಸ ಮಾಡುವ ಅನುಮತಿ ಇರುವುದಿಲ್ಲ. ಬೆಂಗಳೂರಿನಲ್ಲಿ ಹತ್ತು ವರ್ಷ ದುಡಿದ ಹೆಣ್ಣುಮಗಳು ವರ್ಷಾನುಗಟ್ಟಲೆ ಮನೆಯೊಳಗೆ ಕಳೆಯುವ ಸ್ಥಿತಿ ಬಂದರೆ, ಸಂಬಳ ಎಷ್ಟಿದ್ದರೂ ಆ ಸಂಸಾರಕ್ಕೆ ಅದು ನಷ್ಟವೇ. ಪಾಸ್‌ಪೋರ್ಟು, ಮದುವೆಯ ನೋಂದಣಿ ಪತ್ರ, ಸ್ವಂತ ಬ್ಯಾಂಕ್ ಖಾತೆ ಆಕೆಯ ಕೈಯಲ್ಲಿಯೇ ಇರಬೇಕು.

ಊರಿನಲ್ಲಿ ಉಳಿಯುವವರೊಡನೆ ಮಾತಾಡುವಾಗ 'ಎಲ್ಲ ಸರಿಹೋಗುತ್ತದೆ' ಎಂಬ ಸಮಾಧಾನದಲ್ಲಿ ಮಾತು ಮುಗಿಸಬೇಡಿ. ಅಪ್ಪನಿಗೆ ರಾತ್ರಿ ಎದೆನೋವು ಬಂದರೆ ಯಾರ ವಾಹನ, ಯಾವ ಆಸ್ಪತ್ರೆ, ಹಣ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಹೆಸರು ಹಿಡಿದು ಮಾತಾಡಿ. ನಮ್ಮ ತಂದೆ ತೀರಿಕೊಂಡಾಗ ಕೊಲ್ಲಿಯಲ್ಲಿದ್ದ ಅಣ್ಣನ ಪಾಸ್‌ಪೋರ್ಟ್ ಕಂಪನಿಯ ವಶದಲ್ಲಿತ್ತು. ಅದನ್ನು ಬಿಡಿಸಿಕೊಂಡು ಅವನು ಊರು ಸೇರುವಷ್ಟರಲ್ಲಿ ಹನ್ನೊಂದನೆಯ ದಿನದ ಕಾರ್ಯವೂ ಮುಗಿದಿತ್ತು. ಅವನು ಕಟ್ಟಿಸಿದ ಮನೆಯಲ್ಲಿ ಅಮ್ಮ ಈಗಲೂ ನೆಮ್ಮದಿಯಾಗಿದ್ದಾಳೆ, ಆದರೆ ಆ ದಿನಗಳನ್ನು ಅವನು ಇಂದಿಗೂ ಮರೆತಿಲ್ಲ. ಪಾಸ್‌ಪೋರ್ಟ್ ಯಾರ ಬಳಿ ಇರುತ್ತದೆ, ತುರ್ತು ರಜೆ ಸಿಗುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಕರಾರಿಗೆ ಸಹಿ ಹಾಕುವ ಮೊದಲು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ವಿದೇಶಕ್ಕೆ ಹೋಗುವವರೆಂದರೆ ಎಂಜಿನಿಯರುಗಳು ಎಂದು ತಿಳಿದವರು ನಮ್ಮ ಹಕ್ಕಿಪಿಕ್ಕಿ ಜನರನ್ನು ಮರೆಯುತ್ತಾರೆ. ಗಿಡಮೂಲಿಕೆ, ತಲೆಗೂದಲ ಎಣ್ಣೆಗಳ ವ್ಯಾಪಾರಕ್ಕಾಗಿ ಅವರು ಆಫ್ರಿಕಾದ ದೇಶಗಳಿಗೆ ಹೋಗಿಬರುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕದನ ಆರಂಭವಾದಾಗ ಅಲ್ಲಿ ಸಿಲುಕಿದ್ದ ಅವರನ್ನೂ ಆಪರೇಷನ್ ಕಾವೇರಿಯಲ್ಲಿ ಕರೆತರಲಾಯಿತು. ವ್ಯಾಪಾರಕ್ಕೆ ಹೋಗುವವರು, ಅದರಲ್ಲಿಯೂ ಕಂಪನಿಯ ಆಸರೆಯಿಲ್ಲದವರು, ತಲುಪಿದ ವಾರದಲ್ಲಿಯೇ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ನೋಂದಾಯಿಸಬೇಕು.

ಹೊರಡುವ ಮುನ್ನ, ಹೊರಟ ಮೇಲೆ

ಅನಿವಾಸಿಯಾದ ಮೇಲೆ ಸಾಮಾನ್ಯ ಉಳಿತಾಯ ಖಾತೆಯನ್ನು, ಬಾಡಿಗೆಯಂಥ ಇಲ್ಲಿನ ಆದಾಯ ಜಮಾ ಆಗುವ ಎನ್‌ಆರ್‌ಒ ಖಾತೆಗೆ ಬದಲಾಯಿಸಬೇಕು; ಅಲ್ಲಿಂದ ಕಳುಹಿಸುವ ಗಳಿಕೆಗೆ ಎನ್‌ಆರ್‌ಇ ಖಾತೆ ತೆರೆಯಬೇಕು. ಆಸ್ತಿಯ ವ್ಯವಹಾರ ನೋಡಿಕೊಳ್ಳಲು ಯಾರಿಗಾದರೂ ಅಧಿಕಾರಪತ್ರ ಕೊಡುವುದಾದರೆ, ಎಲ್ಲವನ್ನೂ ಒಪ್ಪಿಸುವ ಜಿಪಿಎಗೆ ಬದಲು ಬಾಡಿಗೆ ವಸೂಲಿ, ಕಂದಾಯ ಪಾವತಿ ಎಂದು ಕೆಲಸಗಳನ್ನು ಹೆಸರಿಸಿದ ಸೀಮಿತ ಪತ್ರವನ್ನೇ ಕೊಡಿ.

ಕಾರಣ ಬರೆದ ಹಾಳೆಯ ಒಂದು ಪ್ರತಿಯನ್ನು ಪಾಸ್‌ಪೋರ್ಟಿನ ಜೆರಾಕ್ಸ್ ಜೊತೆ ಮನೆಯಲ್ಲಿ ಬಿಟ್ಟು, ಇನ್ನೊಂದನ್ನು ಜೊತೆಗೊಯ್ಯಿರಿ. ವರ್ಷಕ್ಕೊಮ್ಮೆ, ಊರಿನ ಜಾತ್ರೆಗೋ ಯುಗಾದಿಗೋ ರಜೆಯಲ್ಲಿ ಬಂದಾಗ, ಎರಡನ್ನೂ ಎದುರಿಗಿಟ್ಟುಕೊಂಡು ಮನೆಯವರೊಡನೆ ಓದಿ. ಸಾಲ ತೀರಿದ್ದರೆ ಹಾಳೆಯಲ್ಲಿ ಆ ಭಾಗವನ್ನು ಹೊಡೆದುಹಾಕಿ. ಹೊಸ ಕಾರಣ ಹುಟ್ಟಿದ್ದರೆ ಅದನ್ನೂ ವರ್ಷಗಳ ಸಮೇತ ಬರೆಯಿರಿ, ಮತ್ತು ಈಗಿರುವ ವೀಸಾ ಆ ಹೊಸ ಕಾರಣಕ್ಕೂ ಹೊಂದುತ್ತದೆಯೇ ಎಂಬುದನ್ನು ಮರಳುವ ಟಿಕೆಟ್ ಮಾಡಿಸುವ ಮೊದಲು ನೋಡಿ.